ಗರ್ಭಕೋಶದ ಆರೋಗ್ಯ, ಸಂಕೋಚ ಮತ್ತು ಕಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಹೆಣ್ಣಿನ ಒಡಲಿನ ಬಗ್ಗೆ ಚಿತ್ರ, ಕಸೂತಿ, ಬೊಂಬೆ ಅಥವಾ ಭಿತ್ತಿಪತ್ರದ ಮೂಲಕ ಮಾತು ಆರಂಭಿಸಬೇಕೆಂದು ಬಯಸುವ ಶಿಕ್ಷಕಿಯರು, ಆಶಾ ಕಾರ್ಯಕರ್ತೆಯರು, ಸ್ವಸಹಾಯ ಸಂಘದ ಸದಸ್ಯೆಯರು ಮತ್ತು ಕಲಾಶಾಲೆಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಎತ್ತುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ.

ಗರ್ಭಕೋಶದ ಆರೋಗ್ಯ ಎಂದರೆ ಮುಟ್ಟು ಮತ್ತು ಹೆರಿಗೆ ಅಷ್ಟೇ ಅಲ್ಲವೇ?

ಅಲ್ಲ. ಮುಟ್ಟಿನ ಬಗ್ಗೆ ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಶಾಲೆಗಳಲ್ಲೂ ಮಾಧ್ಯಮಗಳಲ್ಲೂ ಸಾಕಷ್ಟು ಮಾತು ನಡೆದಿದೆ. ಆದರೆ ಗರ್ಭಕೋಶದಲ್ಲಿ ಬೆಳೆಯುವ ಗಡ್ಡೆ, ಒಳಪದರವನ್ನು ಹೋಲುವ ಅಂಗಾಂಶ ಗರ್ಭಕೋಶದ ಹೊರಗೆ ಬೆಳೆದು ತೀವ್ರ ನೋವು ತರುವ ಎಂಡೊಮೆಟ್ರಿಯೋಸಿಸ್, ಗರ್ಭಕೋಶ ಕೆಳಗೆ ಜಾರುವುದು, ಗರ್ಭಕೊರಳಿನ (ಗರ್ಭಕೋಶದ ಬಾಯಿಯ) ಕ್ಯಾನ್ಸರ್, ಮುಟ್ಟು ನಿಲ್ಲುವ ಕಾಲದ ಏರುಪೇರು ಇವೆಲ್ಲವೂ ಇನ್ನೂ ಪಿಸುಮಾತಿನಲ್ಲಿಯೇ ಉಳಿದಿವೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ಸುಮಾರು 19 ಕೋಟಿ ಮಹಿಳೆಯರಿಗೆ, ಅಂದರೆ ಮುಟ್ಟಾಗುವ ವಯಸ್ಸಿನ ಸುಮಾರು ಹತ್ತರಲ್ಲಿ ಒಬ್ಬರಿಗೆ ಎಂಡೊಮೆಟ್ರಿಯೋಸಿಸ್ ಇದೆ. ಇಷ್ಟು ಜನರನ್ನು ಕಾಡುವ ಕಾಯಿಲೆಗೆ ಕನ್ನಡದಲ್ಲಿ ಮನೆಮಾತಿನ ಒಂದು ಹೆಸರೂ ಇಲ್ಲ. ಜಾರಿದ ಗರ್ಭಕೋಶವನ್ನು ಹೊತ್ತುಕೊಂಡೇ ವರ್ಷಗಟ್ಟಲೆ ಕಳೆ ಕೀಳುವ, ಕೊಡ ಹೊರುವ ಹೆಂಗಸರು ಅದನ್ನು ಗಂಡನಿಗೂ ಹೇಳದೆ ಬದುಕುತ್ತಾರೆ.

ಇದಕ್ಕೆ ವೈದ್ಯರಿದ್ದಾರಲ್ಲ, ಕಲೆಗೆ ಇಲ್ಲೇನು ಕೆಲಸ?

ವೈದ್ಯರ ಮುಂದೆ ಕುಳಿತಾಗ ಹೇಳಬೇಕಾದ ಮಾತು ಹೆಣ್ಣಿನ ಬಾಯಲ್ಲಿ ಮೊದಲೇ ಇರಬೇಕು. 'ಆ ಜಾಗ', 'ಹೆಂಗಸರ ತೊಂದರೆ', 'ಕೆಳಗಿನ ನೋವು' ಎಂದಷ್ಟೇ ಹೇಳಿ ತಲೆ ತಗ್ಗಿಸಿದವಳಿಗೆ ತನ್ನ ಒಳಗೆ ಏನಿದೆ, ಅದು ಎಷ್ಟು ದೊಡ್ಡದು, ಯಾವ ಕೆಲಸ ಮಾಡುತ್ತದೆ ಎಂಬುದು ಗೊತ್ತಿಲ್ಲದಿದ್ದರೆ, ಮುಂದೆ ಕುಳಿತವರು ಹೇಳಿದ್ದನ್ನೆಲ್ಲ ಆಕೆ ಒಪ್ಪಿಕೊಳ್ಳಬೇಕಾಗುತ್ತದೆ.

ಇದರ ಬೆಲೆ ಎಷ್ಟೆಂಬುದು ನಮ್ಮ ರಾಜ್ಯಕ್ಕೆ ಗೊತ್ತಿದೆ. 2015ರ ಸುಮಾರಿಗೆ ಕಲಬುರಗಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮಹಿಳೆಯರು ಮತ್ತು ದಲಿತ ಮಹಿಳೆಯರು ಬೀದಿಗೆ ಬಂದು ತಮ್ಮ ಕತೆ ಹೇಳಿದರು. ಬಿಳಿಮುಟ್ಟು, ಬೆನ್ನುನೋವು, ಹೊಟ್ಟೆನೋವು ಎಂದು ಖಾಸಗಿ ಆಸ್ಪತ್ರೆಗೆ ಹೋದವರಿಗೆ ಗರ್ಭಕೋಶ ಉಳಿಸಿಕೊಂಡರೆ ಕ್ಯಾನ್ಸರ್ ಆಗುತ್ತದೆ ಎಂಬ ಭಯ ಹುಟ್ಟಿಸಿ, ಅದನ್ನೇ ತೆಗೆದುಹಾಕಲಾಗಿತ್ತು. ಅವರಲ್ಲಿ ಅನೇಕರಿಗೆ ಇನ್ನೂ ನಲವತ್ತು ತುಂಬಿರಲಿಲ್ಲ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಲ್ಲಿ ಕಬ್ಬು ಕಡಿಯುವ ಸುಮಾರು 82 ಸಾವಿರ ಮಹಿಳೆಯರನ್ನು 2019ರಲ್ಲಿ ಸರ್ಕಾರಿ ಸಮಿತಿ ಸಮೀಕ್ಷೆಗೆ ಒಳಪಡಿಸಿದಾಗ 13 ಸಾವಿರಕ್ಕೂ ಹೆಚ್ಚು ಮಂದಿಗೆ ಗರ್ಭಕೋಶ ತೆಗೆಸಿದ್ದು ಕಂಡುಬಂತು. ಮುಟ್ಟಿನ ದಿನ ರಜೆ ಹಾಕಿದರೆ ಕೂಲಿ ಹೋಗುತ್ತದೆ, ಮೇಲೆ ದಂಡವೂ ಬೀಳುತ್ತದೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಅನಗತ್ಯವಾಗಿ ಗರ್ಭಕೋಶ ತೆಗೆಯುವುದನ್ನು ತಡೆಯುವ ಮಾರ್ಗಸೂಚಿಗಳನ್ನು ಮೂರು ತಿಂಗಳೊಳಗೆ ಜಾರಿಗೆ ತರಬೇಕೆಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಸೂಚಿಸಿತು.

ಕಾನೂನು ಬೇಕು, ಒಳ್ಳೆಯ ಸರ್ಕಾರಿ ಆಸ್ಪತ್ರೆ ಬೇಕು. ಚಿತ್ರವೊಂದು ಇವುಗಳ ಜಾಗವನ್ನು ತುಂಬಲಾರದು. ಆದರೆ 'ಮಕ್ಕಳಾದ ಮೇಲೆ ಅದರಿಂದೇನು ಪ್ರಯೋಜನ, ತೆಗೆಸಿಬಿಡು' ಎಂಬ ಮಾತು ಮನೆಯೊಳಗೆ ಬಂದಾಗ ಆಕೆಯೇ ಮರುಪ್ರಶ್ನೆ ಕೇಳಬೇಕಾದರೆ, ಆ ಅಂಗವನ್ನು ಆಕೆ ಒಮ್ಮೆಯಾದರೂ ನೋಡಿರಬೇಕು. ಒಡಲ ಒಳಗಿನದನ್ನು ಹೊರಗೆ ತಂದು ಕಣ್ಣಿಗೆ ಕಾಣಿಸುವುದು ಕಲೆಯ ಕೆಲಸ.

ಹಳ್ಳಿಗಳಲ್ಲಿ ಇಂತಹ ಚಿತ್ರ ತೋರಿಸಿದರೆ ಜನ ಒಪ್ಪುತ್ತಾರೆಯೇ?

ಈ ಪ್ರಶ್ನೆಗೆ ರಾಜಸ್ಥಾನದ ಹಳ್ಳಿಯ ಹೆಂಗಸರು ನಾಲ್ಕು ದಶಕಗಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ. ಅಲ್ಲಿನ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಕೆಲಸ ಮಾಡುತ್ತಿದ್ದ 'ಸಾಥಿನ್'ಗಳೂ ಅವರ ಜೊತೆಗಾರ್ತಿಯರೂ ಸೇರಿ ಸುಮಾರು 75 ಮಂದಿ, ತಮ್ಮ ಮೈಯ ಬಗ್ಗೆ ತಾವೇ ತಿಳಿದುಕೊಂಡು, ತಾವೇ ಚಿತ್ರ ಬರೆದು 'ಶರೀರ್ ಕೀ ಜಾನ್‌ಕಾರೀ' ಎಂಬ ಪುಸ್ತಕ ರಚಿಸಿದರು. ದೆಹಲಿಯ 'ಕಾಳಿ ಫಾರ್ ವಿಮೆನ್' ಪ್ರಕಾಶನ ಅದನ್ನು 1989ರಲ್ಲಿ ಪ್ರಕಟಿಸಿತು.

ಮೊದಲ ಕರಡಿನಲ್ಲಿ ಅವರು ಹೆಣ್ಣಿನ ಬೆತ್ತಲೆ ಮೈಯನ್ನು ಬರೆದಿದ್ದರು. ಅದನ್ನು ಊರಿಗೆ ಒಯ್ದು ತೋರಿಸಿದಾಗ, ನಮ್ಮ ಊರಿನಲ್ಲಿ ಬೆತ್ತಲೆ ಹೆಂಗಸನ್ನು ಯಾರೂ ನೋಡುವುದೇ ಇಲ್ಲವಲ್ಲ, ಈ ಚಿತ್ರ ನಮ್ಮದು ಹೇಗಾದೀತು ಎಂಬ ಆಕ್ಷೇಪ ಬಂತು. ಅವರು ಚಿತ್ರವನ್ನು ಕೈಬಿಡಲಿಲ್ಲ, ಊರಿನ ಮಾತನ್ನು ತಳ್ಳಿಹಾಕಲೂ ಇಲ್ಲ. ಲಂಗ, ಓಢಣಿ ತೊಟ್ಟ ಹೆಂಗಸನ್ನು ಬರೆದು, ಆ ಬಟ್ಟೆಯನ್ನು ಎತ್ತಿ ನೋಡುವಂತಹ ಹಾಳೆಯ ಮಡಿಕೆಯಾಗಿ ಅಂಟಿಸಿದರು. ಹೊರಗಿನಿಂದ ನೋಡಿದವರಿಗೆ ಊರಿನಲ್ಲಿ ದಿನವೂ ಕಾಣುವ ಹೆಂಗಸು ಕಾಣುತ್ತಾಳೆ. ತಿಳಿಯಬೇಕೆನಿಸಿದವರು ಮಡಿಕೆ ಎತ್ತಿದರೆ ಒಡಲಿನ ಒಳಗು ಕಾಣುತ್ತದೆ.

ವಿನ್ಯಾಸದ ದೃಷ್ಟಿಯಿಂದ ಇದಕ್ಕಿಂತ ದೊಡ್ಡ ಪಾಠ ನನಗೆ ಬೇರೆಲ್ಲೂ ಕಂಡಿಲ್ಲ. ಮಡಿಕೆ ಎತ್ತುವ ನಿರ್ಧಾರ ನೋಡುವವಳ ಕೈಯಲ್ಲಿದೆ. ಅವಳ ಸಂಕೋಚವನ್ನು ಯಾರೂ ಹೀಯಾಳಿಸುವುದಿಲ್ಲ, ಅವಳ ಕುತೂಹಲವನ್ನು ಯಾರೂ ತಡೆಯುವುದಿಲ್ಲ. ಊರಿನ ಆಕ್ಷೇಪವನ್ನು ಅಡ್ಡಿಯೆಂದು ತಿಳಿದಿದ್ದರೆ ಪುಸ್ತಕ ಕರಡಿನಲ್ಲಿಯೇ ನಿಂತುಹೋಗುತ್ತಿತ್ತು. ಅದನ್ನು ಸಲಹೆಯಾಗಿ ತೆಗೆದುಕೊಂಡದ್ದರಿಂದ ಅದು ಹಳ್ಳಿಯ ಮನೆಗಳೊಳಗೆ ಹೋಗಲು ಸಾಧ್ಯವಾಯಿತು. ಆದ್ದರಿಂದ ಜನ ಒಪ್ಪುತ್ತಾರೆಯೇ ಎಂದು ಕೇಳುವುದಕ್ಕೆ ಮೊದಲು ಕರಡನ್ನು ಅವರ ಮುಂದೆ ಇಟ್ಟಿದ್ದೇವೆಯೇ ಎಂದು ಕೇಳಿಕೊಳ್ಳಬೇಕು.

ನಮ್ಮ ಸಂಪ್ರದಾಯಕ್ಕೆ ಇದು ಹೊಂದುತ್ತದೆಯೇ?

ನಮ್ಮ ಸಂಪ್ರದಾಯದಲ್ಲಿ ಎರಡೂ ಇವೆ: ಒಡಲನ್ನು ಕಲ್ಲಿನಲ್ಲಿ ಕಡೆದು ಪೂಜಿಸಿದ ಪರಂಪರೆಯೂ ಇದೆ, ಒಡಲುಳ್ಳವಳನ್ನು ಹೊರಗೆ ಕೂರಿಸಿದ ರೂಢಿಯೂ ಇದೆ.

ಬಾದಾಮಿಯ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋದವರು ಲಜ್ಜಾಗೌರಿಯ ಶಿಲ್ಪವನ್ನು ನೋಡಿರುತ್ತಾರೆ. ಚಾಲುಕ್ಯರ ಕಾಲದ ಆ ಶಿಲ್ಪ ಬಂದದ್ದು ನಾಗನಾಥಕೊಳ್ಳದ ಗುಡಿಯಿಂದ. ತಲೆಯ ಜಾಗದಲ್ಲಿ ಅರಳಿದ ತಾವರೆ, ಮಡಚಿ ಅಗಲಿಸಿದ ಕಾಲುಗಳು, ಹೆರುವ ಹೆಣ್ಣಿನ ಭಂಗಿ. ಅದನ್ನು ಕಡೆದ ಶಿಲ್ಪಿ ಏನನ್ನೂ ಮುಚ್ಚಿಲ್ಲ. ದೇವಾಲಯದ ಅತ್ಯಂತ ಪವಿತ್ರವಾದ ಜಾಗಕ್ಕೆ ನಮ್ಮ ಭಾಷೆ ಕೊಟ್ಟಿರುವ ಹೆಸರೂ 'ಗರ್ಭಗುಡಿ' ಎಂದೇ. ತುಳುನಾಡಿನಲ್ಲಿ ಫೆಬ್ರವರಿಯ ಹೊತ್ತಿಗೆ ಮೂರು ದಿನ ಕೆಡ್ಡಸ ಆಚರಿಸುತ್ತಾರೆ. ಭೂಮಿತಾಯಿ ಮುಟ್ಟಾಗಿದ್ದಾಳೆ ಎಂದು ಆ ದಿನಗಳಲ್ಲಿ ನೆಲ ಅಗೆಯುವುದಿಲ್ಲ, ಉಳುವುದಿಲ್ಲ, ಕೊನೆಗೆ ಅವಳಿಗೆ ಎಣ್ಣೆ ಎರೆದು ಉಪಚರಿಸುತ್ತಾರೆ. ಹನ್ನೆರಡನೆಯ ಶತಮಾನದ ಶರಣರು ತಳ್ಳಿಹಾಕಿದ ಐದು ಸೂತಕಗಳಲ್ಲಿ ರಜಸ್ಸೂತಕವೂ, ಅಂದರೆ ಮುಟ್ಟಿನ ಮೈಲಿಗೆಯೂ ಒಂದು.

ಆದರೆ ಇವನ್ನು ತೋರಿಸಿ ನಮ್ಮಲ್ಲಿ ಸಮಸ್ಯೆಯೇ ಇಲ್ಲ ಎನ್ನುವುದು ಸರಿಯಲ್ಲ. ಭೂಮಿತಾಯಿಗೆ ಮೂರು ದಿನ ವಿಶ್ರಾಂತಿ ಕೊಟ್ಟ ಸಮಾಜವೇ ಮನೆಯ ಹೆಣ್ಣಿಗೆ ಹಿತ್ತಿಲು ತೋರಿಸಿದೆ. ತುಮಕೂರು, ಚಿತ್ರದುರ್ಗ ಜಿಲ್ಲೆಗಳ ಕೆಲವು ಹಟ್ಟಿಗಳಲ್ಲಿ ಮುಟ್ಟಾದವರನ್ನೂ ಬಾಣಂತಿಯರನ್ನೂ ಊರ ಹೊರಗಿನ ಗುಡಿಸಲಿನಲ್ಲಿ ಇರಿಸುವ ಪದ್ಧತಿ ಇತ್ತೀಚಿನವರೆಗೂ ಸುದ್ದಿಯಾಗುತ್ತಲೇ ಬಂದಿದೆ. ಕಲಾವಿದರು ಪರಂಪರೆಯ ಈ ಎರಡೂ ಮುಖಗಳನ್ನು ಒಟ್ಟಿಗೆ ಇಡುವ ಧೈರ್ಯ ತೋರಬೇಕು. ಕೆಡ್ಡಸದ ಚಿತ್ರದ ಪಕ್ಕದಲ್ಲಿ ಹಿತ್ತಿಲ ಮೂಲೆಯ ಚಾಪೆಯ ಚಿತ್ರ ಇಟ್ಟರೆ, ಅಜ್ಜಿಯೂ ಮೊಮ್ಮಗಳೂ ಒಂದೇ ಚಿತ್ರದ ಮುಂದೆ ನಿಂತು ಮಾತನಾಡಬಲ್ಲರು.

ರಕ್ತವನ್ನು ಕೆಂಪು ಬಣ್ಣದಲ್ಲಿಯೇ ತೋರಿಸಬೇಕೇ?

ತೋರಿಸಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ದಶಕಗಳ ಕಾಲ ಟಿ.ವಿ. ಜಾಹೀರಾತುಗಳಲ್ಲಿ ಪ್ಯಾಡಿನ ಮೇಲೆ ನೀಲಿ ದ್ರವ ಸುರಿದರು. ಬ್ರಿಟನ್ನಿನಲ್ಲಿ ಬಾಡಿಫಾರ್ಮ್ ಕಂಪನಿ 2017ರಲ್ಲಿ ಮೊದಲ ಬಾರಿಗೆ ಕೆಂಪು ದ್ರವ ತೋರಿಸಿದಾಗ ಅದು ಸುದ್ದಿಯಾಯಿತು ಎಂಬುದೇ ಸ್ಥಿತಿ ಹೇಗಿತ್ತು ಎಂಬುದನ್ನು ಹೇಳುತ್ತದೆ. ಅದೇ ಕಂಪನಿ 2020ರಲ್ಲಿ ಗರ್ಭಪಾತ, ಎಂಡೊಮೆಟ್ರಿಯೋಸಿಸ್, ಮುಟ್ಟು ನಿಲ್ಲುವುದು, ಮಕ್ಕಳು ಬೇಡವೆನ್ನುವ ನಿರ್ಧಾರ ಇವೆಲ್ಲವನ್ನೂ ಅನಿಮೇಷನ್ ಮೂಲಕ ಹೇಳಿತು. ಪ್ಯಾಡು ಮಾರುವವರ ಉದ್ದೇಶ ಮಾರಾಟವೇ ಆಗಿದ್ದರೂ ಆ ಚಿತ್ರಗಳು ತೆರೆದ ದಾರಿ ನಿಜವಾದದ್ದು.

ಕಲಾವಿದರು ಇದಕ್ಕಿಂತ ಬಹಳ ಮುಂಚೆಯೇ ಇಲ್ಲಿಗೆ ತಲುಪಿದ್ದರು. ಅಮೆರಿಕದ ಜೂಡಿ ಶಿಕಾಗೊ 1971ರಲ್ಲಿ 'ರೆಡ್ ಫ್ಲ್ಯಾಗ್' ಎಂಬ ಮುದ್ರಣಚಿತ್ರದಲ್ಲಿ ರಕ್ತದಲ್ಲಿ ನೆಂದ ಟ್ಯಾಂಪನ್ನನ್ನು (ಮುಟ್ಟಿನ ರಕ್ತ ಹೀರಲು ಯೋನಿಯೊಳಗೆ ಇಡುವ ಹತ್ತಿಯ ಸುರುಳಿ) ಹೊರತೆಗೆಯುವ ಕ್ಷಣವನ್ನು ಯಾವ ಮರೆಯೂ ಇಲ್ಲದೆ ತೋರಿಸಿದರು. ಅದೇನೆಂದು ಗುರುತಿಸಲಾಗದೆ ಹೋದ ನೋಡುಗರೂ ಇದ್ದರು. ಲೋಕದ ಅರ್ಧ ಜನರ ತಿಂಗಳ ಅನುಭವಕ್ಕೆ ಚಿತ್ರಲೋಕದಲ್ಲಿ ಒಂದು ರೂಪವೇ ಇರಲಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಕೆಂಪು ಬಣ್ಣಕ್ಕೆ ವೈದ್ಯಕೀಯ ಕಾರಣವೂ ಇದೆ. ತಿಳಿಗೆಂಪು, ಕಡುಗೆಂಪು, ಕಂದು ಇವೆಲ್ಲ ಮುಟ್ಟಿನ ದಿನಗಳಲ್ಲಿ ಸಹಜವಾಗಿ ಬರುವ ಬಣ್ಣಗಳು ಎಂದು ಚಿತ್ರದಲ್ಲಿ ನೋಡಿದ ಹುಡುಗಿ ಕಂದು ಕಲೆ ಕಂಡು ಹೆದರುವುದಿಲ್ಲ. ನೀಲಿ ದ್ರವ ಇದನ್ನು ಕಲಿಸಲಾರದು.

ವೈದ್ಯಕೀಯ ಪುಸ್ತಕಗಳಲ್ಲಿ ಚಿತ್ರಗಳಿವೆಯಲ್ಲ, ಹೊಸದಾಗಿ ಬರೆಯುವುದೇಕೆ?

ಆ ಚಿತ್ರಗಳು ವೈದ್ಯರಿಗಾಗಿ ಬರೆದವು; ಅಲ್ಲಿ ಗರ್ಭಕೋಶ ಇರುತ್ತದೆ, ಹೆಣ್ಣು ಇರುವುದಿಲ್ಲ. ಲಿಯೊನಾರ್ಡೊ ಡ ವಿಂಚಿ 1511ರ ಸುಮಾರಿಗೆ ಬರೆದ ಗರ್ಭಸ್ಥ ಶಿಶುವಿನ ಚಿತ್ರ ಜಗತ್ಪ್ರಸಿದ್ಧ, ಆದರೆ ಅದರಲ್ಲಿ ಆತ ತೋರಿಸಿದ ಮಾಸು ಹಸುವಿನದನ್ನು ಹೋಲುತ್ತದೆ.

ನನಗೆ ಹೆಚ್ಚು ಹತ್ತಿರವೆನಿಸುವುದು ಫ್ರಾನ್ಸಿನ ಸೂಲಗಿತ್ತಿ ಆಂಜೆಲಿಕ್ ದು ಕುದ್ರೆ. ಹದಿನೆಂಟನೆಯ ಶತಮಾನದಲ್ಲಿ ಆಕೆ ಬಟ್ಟೆ, ಚರ್ಮ, ಹತ್ತಿಗಳಿಂದ ಹೆರಿಗೆಯ ಬೊಂಬೆಯೊಂದನ್ನು ಹೊಲಿದು, ದೊರೆ ಹದಿನೈದನೆಯ ಲೂಯಿಯ ಆದೇಶ ಪಡೆದು, 1759ರಿಂದ ದಶಕಗಳ ಕಾಲ ಊರೂರು ಸುತ್ತಿ ಸಾವಿರಾರು ಹಳ್ಳಿಯ ಹೆಂಗಸರಿಗೆ ಹೆರಿಗೆ ಮಾಡಿಸುವುದನ್ನು ಕಲಿಸಿದಳು. ಅಕ್ಷರ ಬಾರದವರೂ ಕೈಯಿಂದ ಮುಟ್ಟಿ ಕಲಿತರು. ಆಕೆಯ ಬೊಂಬೆಗಳಲ್ಲಿ ಒಂದು ಇಂದಿಗೂ ರೂಆನ್ ನಗರದ ಸಂಗ್ರಹಾಲಯದಲ್ಲಿದೆ.

ಬಟ್ಟೆ, ಸೂಜಿ, ದಾರ ನಮ್ಮ ಹೆಂಗಸರ ಕೈಗೆ ಹೊಸವಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುವಾಗ ನಾಲ್ಕಾರು ಜನ ಸುತ್ತ ಕುಳಿತು, ಕಣ್ಣು ಸೂಜಿಯ ಮೇಲಿಟ್ಟು, ಬೇರೆ ಕಡೆ ಆಡಲಾಗದ ಮಾತುಗಳನ್ನು ಆಡುತ್ತಾರೆ. ಎದುರುಬದುರು ಕಣ್ಣಿಟ್ಟು ಹೇಳಲಾಗದ್ದನ್ನು ಕೈಗೆಲಸದ ನಡುವೆ ಹೇಳಬಹುದು. ಗರ್ಭಕೋಶ, ಅಂಡಾಶಯ, ನಳಿಕೆಗಳನ್ನು ಬಟ್ಟೆಯಲ್ಲಿ ಕತ್ತರಿಸಿ ಕೌದಿಯ ಮೇಲೆ ಹೊಲಿಯುವುದು ಆ ಮಾತಿಗೆ ಒಳ್ಳೆಯ ಆರಂಭವಾಗಬಲ್ಲದು.

ಹೋಲಿಕೆಯೂ ನಮ್ಮ ತೋಟದಿಂದಲೇ ಬರಲಿ. ಇಂಗ್ಲಿಷ್ ಪುಸ್ತಕಗಳು ಗರ್ಭಕೋಶವನ್ನು ಪೇರ್ ಹಣ್ಣಿಗೆ ಹೋಲಿಸುತ್ತವೆ. ತಲೆಕೆಳಗಾಗಿ ಹಿಡಿದ ಸೀಬೆಹಣ್ಣು ಎಂದರೆ ನಮ್ಮವರಿಗೆ ತಟ್ಟನೆ ತಿಳಿಯುತ್ತದೆ. ಧಾರವಾಡದ ಕಡೆ ಪೇರಲ ಎನ್ನಬೇಕು. ಬಸಿರಿಲ್ಲದಾಗ ಅದರ ಉದ್ದ ಸುಮಾರು ಏಳೆಂಟು ಸೆಂಟಿಮೀಟರ್, ಅಗಲ ಐದು. ಇಷ್ಟು ಚಿಕ್ಕದೇ ಎಂಬ ಅಚ್ಚರಿಯಿಂದಲೇ ಎಷ್ಟೋ ಪ್ರಶ್ನೆಗಳು ಹುಟ್ಟುತ್ತವೆ.

ಕಣ್ಣಿಗೆ ಕಾಣದ ನೋವನ್ನು ಚಿತ್ರದಲ್ಲಿ ಹೇಗೆ ತೋರಿಸುವುದು?

ಎರಡು ಬಗೆಯಲ್ಲಿ. ಒಂದು, ಅಳತೆಯ ಚಿತ್ರ. ಸ್ರಾವ ಹೆಚ್ಚಾಗಿದೆಯೇ ಎಂದು ಕೇಳಿದರೆ ಹೆಚ್ಚೆಂದರೆ ಎಷ್ಟು ಎಂದು ಯಾರಿಗೂ ಗೊತ್ತಿರುವುದಿಲ್ಲ. ಬ್ರಿಟನ್ನಿನ ವೈದ್ಯರು 1990ರಲ್ಲಿ ಇದಕ್ಕೆ ಒಂದು ಚಿತ್ರಪಟ ರೂಪಿಸಿದರು. ಅಲ್ಪ ನೆಂದ, ಅರ್ಧ ನೆಂದ, ಪೂರ್ತಿ ನೆಂದ ಪ್ಯಾಡಿನ ಮೂರು ಚಿತ್ರಗಳು. ಅವಕ್ಕೆ ಕ್ರಮವಾಗಿ 1, 5, 20 ಅಂಕಗಳು. ಪ್ರತಿದಿನ ಬದಲಿಸಿದ ಪ್ರತಿ ಪ್ಯಾಡಿಗೂ ಆಯಾ ಚಿತ್ರದ ಎದುರು ಒಂದೊಂದು ಗೀಟು ಹಾಕುತ್ತ ಹೋಗಿ ಒಂದು ಮುಟ್ಟಿನ ಒಟ್ಟು ಅಂಕ 100 ಮುಟ್ಟಿದರೆ ಸ್ರಾವ ಮಿತಿ ಮೀರಿದೆ ಎಂದು ಅರ್ಥ. ಓದು ಬಾರದವರೂ ತುಂಬಬಹುದಾದ ಈ ಪಟ ವಿನ್ಯಾಸದ ದೊಡ್ಡ ಗೆಲುವು, ಏಕೆಂದರೆ 'ಜಾಸ್ತಿ ಹೋಗುತ್ತದೆ' ಎಂಬ ಮಾತಿಗೆ ಅದು ವೈದ್ಯರು ತಳ್ಳಿಹಾಕಲಾಗದ ರೂಪ ಕೊಡುತ್ತದೆ.

ಇನ್ನೊಂದು, ಅನುಭವದ ಚಿತ್ರ. ಮೆಕ್ಸಿಕೋದ ಕಲಾವಿದೆ ಫ್ರೀಡಾ ಕಾಹ್ಲೊ 1932ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದಲ್ಲಿ ಗರ್ಭಪಾತವಾದ ನಂತರ ತನ್ನನ್ನೇ ರಕ್ತಸಿಕ್ತ ಹಾಸಿಗೆಯ ಮೇಲೆ ಬರೆದುಕೊಂಡಳು. ಆಕೆಯ ಕೈಯಿಂದ ಕೆಂಪು ದಾರಗಳು ಹೊರಟು ಭ್ರೂಣ, ಸೊಂಟದ ಮೂಳೆ, ಹೂವು, ಬಸವನಹುಳು ಮುಂತಾದ ಆರು ವಸ್ತುಗಳನ್ನು ಹಿಡಿದಿವೆ. ಬಸವನಹುಳು ಏಕೆಂದರೆ, ಆ ಗರ್ಭಪಾತ ಅಷ್ಟು ನಿಧಾನವಾಗಿ ನಡೆಯಿತು. ಯಾವ ವೈದ್ಯಕೀಯ ವರದಿಯೂ ಆ ನಿಧಾನವನ್ನು ದಾಖಲಿಸುವುದಿಲ್ಲ. ನಿನ್ನ ನೋವು ಯಾವ ಪ್ರಾಣಿಯಂತಿದೆ, ಯಾವ ಕೆಲಸದಂತಿದೆ ಎಂದು ಕೇಳಿ ಬರೆಯಲು ಹೇಳಿದರೆ, ಒನಕೆ, ಹಿಂಡುವ ಬಟ್ಟೆ, ಗಾಣದಂತಹ ರೂಪಗಳು ನಮ್ಮವರ ಕೈಯಲ್ಲೂ ಮೂಡಿಯಾವು.

ಯಾವ ಪದಗಳನ್ನು ಬಳಸಬೇಕು?

ಆ ಊರಿನವರು ಆಡುವ ಪದಗಳನ್ನು ಬಳಸಬೇಕು. ಗರ್ಭಚೀಲ, ಗರ್ಭಕೋಶ, ಮುಟ್ಟು, ಬಿಳಿಮುಟ್ಟು, ಬಸಿರು ಇವೆಲ್ಲ ಒಳ್ಳೆಯ ಪದಗಳು. 'ಹೊರಗಾಗಿದ್ದಾಳೆ', 'ಕಾಗೆ ಮುಟ್ಟಿದೆ' ಎಂಬ ಮರೆಮಾತುಗಳನ್ನು ಕೇಳಿ ಬರೆದುಕೊಳ್ಳಿ, ಅವುಗಳನ್ನೇ ಚಿತ್ರಕ್ಕೆ ವಸ್ತುವಾಗಿಸಿ. ಆದರೆ ಭಿತ್ತಿಪತ್ರದ ಶೀರ್ಷಿಕೆಯಲ್ಲಿ ನೇರವಾದ ಪದವೇ ಇರಲಿ. ಫೈಬ್ರಾಯ್ಡ್ (ಗರ್ಭಕೋಶದ ಗಡ್ಡೆ), ಸ್ಕ್ಯಾನಿಂಗ್ ಮುಂತಾದವು ಆಸ್ಪತ್ರೆಯ ಚೀಟಿಯಲ್ಲಿ ಬರುವ ಪದಗಳಾದ್ದರಿಂದ ಅವನ್ನು ಹಾಗೆಯೇ ಕನ್ನಡ ಲಿಪಿಯಲ್ಲಿ ಬರೆದು, ಪಕ್ಕದಲ್ಲಿ ಚಿತ್ರ ಇಡುವುದು ಒಳ್ಳೆಯದು.

ವಿನ್ಯಾಸವೇ ಸಂಕೋಚವನ್ನು ಹೆಚ್ಚಿಸುವುದುಂಟೇ?

ಉಂಟು. ಔಷಧಿ ಅಂಗಡಿಯಲ್ಲಿ ಪ್ಯಾಡಿನ ಪೊಟ್ಟಣವನ್ನು ಕಾಗದದಲ್ಲಿ ಸುತ್ತಿ ಕಪ್ಪು ಕವರಿಗೆ ಹಾಕಿ ಕೊಡುವುದೂ ಒಂದು ವಿನ್ಯಾಸವೇ. ಇದನ್ನು ಯಾರೂ ನೋಡಬಾರದು ಎಂಬುದನ್ನು ಅದು ಪ್ರತಿ ತಿಂಗಳೂ ಹುಡುಗಿಗೆ ಕಲಿಸುತ್ತದೆ. ಇದಕ್ಕೆ ವಿರುದ್ಧವಾದ ಉದಾಹರಣೆ ಪುಣೆಯ ಕಸ ಆಯುವ ಮಹಿಳೆಯರ 'ಸ್ವಚ್ಛ್' ಸಹಕಾರಿ ಸಂಘದ್ದು. ಬಳಸಿದ ಪ್ಯಾಡನ್ನು ಕಾಗದದಲ್ಲಿ ಸುತ್ತಿ ಮೇಲೆ ಒಂದು ಕೆಂಪು ಚುಕ್ಕೆ ಇಡಿ ಎಂದು ಅವರು ಕೇಳಿಕೊಂಡರು. ಒಂದೇ ಒಂದು ಚುಕ್ಕೆಯಿಂದ ಕಸ ವಿಂಗಡಿಸುವವಳ ಕೈಗೆ ರಕ್ಷಣೆ ಸಿಕ್ಕಿತು, ಅವಳ ಘನತೆಯೂ ಲೆಕ್ಕಕ್ಕೆ ಬಂತು.

ಕೆಲವು ಕಡೆ ಪ್ರಶ್ನೆ ಇಷ್ಟು ಸರಳವಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಮುಟ್ಟಾದವರನ್ನು ಇರಿಸುವ ಹಾಳು ಗುಡಿಸಲುಗಳ ಬದಲು ಹಾಸಿಗೆ, ಶೌಚಾಲಯ, ನೀರು ಇರುವ ಹೊಸ ಕಟ್ಟಡಗಳನ್ನು ಸ್ವಯಂಸೇವಾ ಸಂಸ್ಥೆಗಳು ಕಟ್ಟಿಕೊಟ್ಟವು. ಹಾವು ಕಡಿತ, ಚಳಿ, ಮಳೆಯಿಂದ ಹೆಂಗಸರಿಗೆ ರಕ್ಷಣೆ ಸಿಕ್ಕಿತು ನಿಜ. ಆದರೆ ಚೆನ್ನಾಗಿ ಕಟ್ಟಿದ ಗೋಡೆ ಹೊರಗಿಡುವ ಪದ್ಧತಿಯನ್ನೂ ಗಟ್ಟಿ ಮಾಡುತ್ತದೆ ಎಂಬ ಆಕ್ಷೇಪವೂ ನ್ಯಾಯವಾದದ್ದೇ. ಈ ರಾತ್ರಿ ಅಲ್ಲಿ ಮಲಗಬೇಕಾದವಳಿಗೆ ಕಟ್ಟಡ ಬೇಕು. ಆದರೆ ಅದೇ ಕಟ್ಟಡದ ಒಳಗೆ ಅದರ ಅಗತ್ಯವನ್ನೇ ಪ್ರಶ್ನಿಸುವ ಮಾತೂ ನಡೆಯಬೇಕು.

ಗಂಡಸರನ್ನು ಸೇರಿಸಿಕೊಳ್ಳಬೇಕೇ?

ಖಂಡಿತ, ಆದರೆ ಮೊದಲ ದಿನವೇ ಅಲ್ಲ. ಹೆಂಗಸರು ತಮ್ಮೊಳಗೆ ಮಾತನಾಡಿ, ತೋರಿಸಲು ಒಪ್ಪಿದ ಚಿತ್ರಗಳನ್ನು ಮಾತ್ರ ಮುಂದೆ ಗಂಡಂದಿರ, ಗ್ರಾಮ ಪಂಚಾಯಿತಿ ಸದಸ್ಯರ ಎದುರು ಇಡಬಹುದು. ಚಿಕಿತ್ಸೆಗೆ ಹಣ ಕೊಡುವ, ಬಸ್ಸಿಗೆ ಕಳುಹಿಸುವ ನಿರ್ಧಾರ ಬಹಳ ಮನೆಗಳಲ್ಲಿ ಇನ್ನೂ ಅವರ ಕೈಯಲ್ಲಿದೆ.

ನಮ್ಮ ಊರಿನಲ್ಲಿ ಒಂದು ಕಾರ್ಯಾಗಾರ ಮಾಡಲು ಏನೇನು ಬೇಕು?

ಹದಿನೈದರಿಂದ ಇಪ್ಪತ್ತು ಜನ, ಬಾಗಿಲು ಹಾಕಿಕೊಳ್ಳಬಹುದಾದ ಒಂದು ಕೋಣೆ, ಹಳೆಯ ಬಟ್ಟೆ, ದಾರ, ಬಣ್ಣ, ಮೈಯಷ್ಟು ಉದ್ದದ ಕಾಗದ ಸಾಕು. ಒಬ್ಬರು ಕಾಗದದ ಮೇಲೆ ಮಲಗಿ, ಇನ್ನೊಬ್ಬರು ಸುತ್ತ ಗೆರೆ ಎಳೆದು, ಆ ಮೈಯೊಳಗೆ ಎಲ್ಲೆಲ್ಲಿ ಏನಿದೆ ಎಂದು ಎಲ್ಲರೂ ಸೇರಿ ತುಂಬುವುದು ಒಳ್ಳೆಯ ಮೊದಲ ಹೆಜ್ಜೆ. ತಪ್ಪಾಗಿ ಬರೆದರೆ ಕೂಡಲೇ ತಿದ್ದಬೇಡಿ, ಏಕೆಂದರೆ ಗರ್ಭಕೋಶವನ್ನು ಹೊಟ್ಟೆಯ ಮೇಲ್ಭಾಗದಲ್ಲಿ ಬರೆದವಳ ಚಿತ್ರದಲ್ಲಿಯೇ ಅವಳಿಗೆ ಯಾರೂ ಏನನ್ನೂ ಹೇಳಿಲ್ಲ ಎಂಬ ಸಂಗತಿ ಇದೆ. ಕೊನೆಯಲ್ಲಿ ನರ್ಸ್ ಅಥವಾ ವೈದ್ಯೆ ಬಂದು ಎಲ್ಲರೊಂದಿಗೆ ಕುಳಿತು ಸರಿಪಡಿಸಲಿ. ಅನುಮತಿ ಇಲ್ಲದೆ ಯಾರ ಚಿತ್ರವನ್ನೂ, ಮುಖವನ್ನೂ ಮೊಬೈಲಿನಲ್ಲಿ ತೆಗೆಯಬಾರದು. ಈ ಒಂದು ನಿಯಮ ಮುರಿದರೆ ಮುಂದಿನ ಸಲ ಯಾರೂ ಬರುವುದಿಲ್ಲ.

ಚಿತ್ರ ಬರೆಯುತ್ತಲೇ ಯಾರಾದರೂ ತಮ್ಮ ತೊಂದರೆ ಹೇಳಿಕೊಂಡರೆ?

ಹೇಳಿಕೊಳ್ಳುತ್ತಾರೆ. ಅದಕ್ಕೆ ಸಿದ್ಧರಾಗದೆ ಕಾರ್ಯಾಗಾರ ನಡೆಸಬಾರದು ಎಂಬುದು ನನ್ನ ಕಳಕಳಿಯ ವಿನಂತಿ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಾಣಿಸುವುದು, ಎರಡು ಮುಟ್ಟಿನ ನಡುವೆ ಅಥವಾ ಗಂಡ ಹೆಂಡತಿ ಕೂಡಿದ ನಂತರ ರಕ್ತಸ್ರಾವ, ಗಂಟೆಗೊಂದು ಪ್ಯಾಡ್ ನೆನೆಯುವಷ್ಟು ಸ್ರಾವ, ದುರ್ವಾಸನೆಯ ಬಿಳಿಮುಟ್ಟು, ಕೆಳಗೆ ಏನೋ ಜಾರಿದಂತಾಗುವುದು, ಕೆಲಸ ಬಿಟ್ಟು ಮಲಗಿಸುವ ನೋವು ಇವುಗಳಲ್ಲಿ ಯಾವುದಿದ್ದರೂ ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ತಜ್ಞರ ಬಳಿಗೆ ಕರೆದೊಯ್ಯಬೇಕು. ಗರ್ಭಕೋಶ ತೆಗೆಸಬೇಕೆಂದು ಯಾರಾದರೂ ಹೇಳಿದರೆ, ಔಷಧಿಯಿಂದ ಗುಣವಾಗದೇ ಎಂದು ಕೇಳಲು ಮತ್ತು ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯಲು ಆಕೆಗೆ ಹಕ್ಕಿದೆ.

ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆಯ ಮಾತನ್ನೂ ಅಲ್ಲಿಯೇ ಎತ್ತಬೇಕು. 2019ರಿಂದ 21ರ ನಡುವೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವರ್ಷದ ಮಹಿಳೆಯರಲ್ಲಿ ಈ ತಪಾಸಣೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಗರ್ಭಕೊರಳಿಗೆ ತೆಳುವಾದ ಅಸಿಟಿಕ್ ಆಮ್ಲ, ಅಂದರೆ ವಿನೆಗರಿನಂತಹ ದ್ರವ ಹಚ್ಚಿ, ಬಿಳಿಚಿಕೊಳ್ಳುವ ಭಾಗವಿದೆಯೇ ಎಂದು ನರ್ಸ್ ಕಣ್ಣಿನಿಂದ ನೋಡುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಆ ಕೋಣೆಯಲ್ಲಿ ಏನು ನಡೆಯುತ್ತದೆ, ಹೇಗೆ ಮಲಗಬೇಕು, ಯಾರಿರುತ್ತಾರೆ ಎಂಬುದನ್ನು ನಾಲ್ಕು ಚಿತ್ರಗಳಲ್ಲಿ ಮೊದಲೇ ಬರೆದು ತೋರಿಸಿ. ಚಿತ್ರದ ಕೆಳಗೆ ಹತ್ತಿರದ ತಪಾಸಣಾ ಕೇಂದ್ರದ ಹೆಸರು, ವಾರದ ದಿನ, ಬಸ್ಸಿನ ಸಮಯ ಮತ್ತು ಆರೋಗ್ಯ ಸಹಾಯವಾಣಿ 104 ದೊಡ್ಡ ಅಕ್ಷರಗಳಲ್ಲಿ ಇರಲಿ.